ಬೆಳಕಿಗೆ ತಿರುಗಿದ ಅಣು ಯಾವಾಗ ಮರಳಬೇಕು?

ಬೆಳಕು ಬಿದ್ದೊಡನೆ ಆಕಾರ ಬದಲಿಸುವ ಅಣುಗಳನ್ನು ಕಟ್ಟುವುದು ನನ್ನ ಕೆಲಸ. ಹೀಗೆಂದ ಕೂಡಲೇ ಜನ ಬೆಳಕಿನ ಬಗ್ಗೆ ಕೇಳುತ್ತಾರೆ: ಯಾವ ಬಣ್ಣದ್ದು ಬೇಕು, ಎಷ್ಟು ಬೇಗ ಬದಲಾಗುತ್ತದೆ, ಕಣ್ಣಿಗೆ ಕಾಣುತ್ತದೆಯೇ? ಪ್ರಯೋಗಾಲಯದಲ್ಲಿ ನಮ್ಮ ಹೊತ್ತೆಲ್ಲ ಹೋಗುವುದು ದೀಪ ಆರಿಸಿದ ಮೇಲೆ ಏಳುವ ಪ್ರಶ್ನೆಗೆ. ಬದಲಾದ ಅಣು ಕತ್ತಲಲ್ಲಿ ಎಷ್ಟು ಹೊತ್ತು ಹಾಗೇ ಉಳಿಯುತ್ತದೆ? ಯಾವ ದಾರಿಯಲ್ಲಿ ಮೊದಲಿನ ರೂಪಕ್ಕೆ ಮರಳುತ್ತದೆ? ಒಂದು ಅಣು ಕನ್ನಡಕಕ್ಕೆ ಸಲ್ಲುತ್ತದೋ, ಔಷಧಕ್ಕೋ, ಮಾಹಿತಿ ಕೂಡಿಡುವುದಕ್ಕೋ ಎಂದು ಬಹುಮಟ್ಟಿಗೆ ತೀರ್ಮಾನವಾಗುವುದು ಇಲ್ಲೇ.

ನಮ್ಮ ಕಣ್ಣನ್ನೇ ನೋಡಿ. ರೆಟಿನಾದ ರಾಡ್ ಕೋಶಗಳಲ್ಲಿರುವ ರೆಟಿನಲ್ (retinal) ಅಣು ಬೆಳಕಿನ ಒಂದು ಕಣವನ್ನು ಹೀರಿದೊಡನೆ ಸುಮಾರು 200 ಫೆಮ್ಟೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಐದು ಲಕ್ಷ ಕೋಟಿಯಲ್ಲಿ ಒಂದು ಭಾಗದಲ್ಲಿ, ಬಾಗಿದ ರೂಪದಿಂದ ನೆಟ್ಟಗಾಗುತ್ತದೆ. ಅದನ್ನು ಮತ್ತೆ ಬಾಗಿಸಲು ಕಿಣ್ವಗಳ ಒಂದು ಸರಪಳಿಯೇ ದುಡಿಯಬೇಕು. ಬಿಸಿಲಿನಿಂದ ಕತ್ತಲ ಕೋಣೆಗೆ ಬಂದವರ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಹಿಡಿಯುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಹೋಗುವ ವೇಗಕ್ಕೂ ಮರಳುವ ವೇಗಕ್ಕೂ ಹೋಲಿಕೆಯೇ ಇಲ್ಲ.

ಈ ಕ್ಷೇತ್ರಕ್ಕೆ ಬರುವ ಬಹುತೇಕರು ಮೊದಲು ಕೈಗೆತ್ತಿಕೊಳ್ಳುವುದು ಅಜೋಬೆಂಜೀನ್. ಎರಡು ನೈಟ್ರೋಜನ್ ಪರಮಾಣುಗಳ ನಡುವೆ ದ್ವಿಬಂಧ, ಎರಡೂ ಬದಿಗೆ ಒಂದೊಂದು ಬೆಂಜೀನ್ ಉಂಗುರ, ಇಷ್ಟೇ. ರಸಾಯನವಿಜ್ಞಾನಿ ಮಿಟ್ಷರ್ಲಿಕ್ ಇದನ್ನು 1834ರಲ್ಲೇ ತಯಾರಿಸಿದ್ದರು. ಬೆಳಕಿಗೆ ಇದು ಇನ್ನೊಂದು ರೂಪ ತಾಳುತ್ತದೆಂದು ಹಾರ್ಟ್ಲಿ ತೋರಿಸಿದ್ದು 1937ರಲ್ಲಿ. ನಡುವಿನ ಹಲವು ದಶಕ ಈ ಕುಟುಂಬದ ಬಣ್ಣಗಳು ಬಟ್ಟೆಗಳನ್ನು ಬಣ್ಣಗಟ್ಟಿಸುತ್ತಲೇ ಇದ್ದವು, ಆದರೆ ಈ ಗುಣ ಯಾರ ಗಮನಕ್ಕೂ ಬರಲಿಲ್ಲ. ನೀಳವಾದ ಟ್ರಾನ್ಸ್ ರೂಪದ ಎರಡು ತುದಿಗಳ ಅಂತರ ಸುಮಾರು 9 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ). ಅತಿನೇರಳೆ ಬೆಳಕು ಬಿದ್ದರೆ ಅದು ಮಡಚಿಕೊಂಡು ಸಿಸ್ ರೂಪವಾಗುತ್ತದೆ, ಅಂತರ 5.5ಕ್ಕೆ ಇಳಿಯುತ್ತದೆ. ನೀಲಿ ಬೆಳಕು ಕೊಟ್ಟರೆ ಬೇಗ ಬಿಚ್ಚಿಕೊಳ್ಳುತ್ತದೆ. ಏನೂ ಕೊಡದೆ ಕತ್ತಲಲ್ಲಿಟ್ಟರೂ ಕೊಠಡಿಯ ತಾಪದಲ್ಲಿ ಕೆಲವು ದಿನಗಳಲ್ಲಿ ಅರ್ಧದಷ್ಟು ಅಣುಗಳು ತಾವಾಗಿಯೇ ಮರಳಿರುತ್ತವೆ.

ಈ "ಕೆಲವು ದಿನ" ಎಂಬುದು ಯಾರಿಗೆ ಬೇಕು? ಬಿಸಿಲಿಗೆ ಕಪ್ಪಾಗುವ ಕನ್ನಡಕ ಮಾಡುವವರಿಗೆ ನಿಮಿಷಗಳಲ್ಲಿ ಮರಳುವ ಅಣು ಬೇಕು. ಒಳಗೆ ಬಂದ ಮೇಲೂ ಗಾಜು ಕಪ್ಪಾಗೇ ಇದ್ದರೆ ಏನು ಪ್ರಯೋಜನ? ನರಕೋಶದ ಮಿಡಿತವನ್ನು ಬೆಳಕಿನಿಂದ ನಿಯಂತ್ರಿಸಲು ಹೊರಟವರು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಯೋಚಿಸುತ್ತಾರೆ. ಮಾಹಿತಿ ಬರೆದಿಡುವವರಿಗೆ ಅದು ತಾನಾಗಿ ಮರಳಲೇಬಾರದು. ಇಷ್ಟು ಬೇರೆಬೇರೆ ಅಗತ್ಯಗಳನ್ನು ಒಂದೇ ಅಸ್ಥಿಪಂಜರದಿಂದ ಪೂರೈಸಬಹುದು ಎಂಬುದೇ ಸಂಶ್ಲೇಷಣೆ ಮಾಡುವವರನ್ನು ಇಲ್ಲಿ ಕಟ್ಟಿಹಾಕುವ ಸಂಗತಿ.

ಸಿಸ್ ರೂಪದಿಂದ ಟ್ರಾನ್ಸ್‌ಗೆ ಹೋಗುವ ದಾರಿಯಲ್ಲಿ ಶಕ್ತಿಯ ಒಂದು ದಿಬ್ಬವಿದೆ. ಕೊಠಡಿಯ ತಾಪದಲ್ಲಿ ಆ ದಿಬ್ಬ ಮೋಲ್‌ಗೆ 5.7 ಕಿಲೋಜೌಲ್‌ನಷ್ಟು ಎತ್ತರವಾದರೆ ಅಣುವಿನ ಅರ್ಧಾಯು, ಅಂದರೆ ಅರ್ಧದಷ್ಟು ಅಣುಗಳು ಮರಳಲು ಹಿಡಿಯುವ ಕಾಲ, ಹತ್ತು ಪಟ್ಟಾಗುತ್ತದೆ. ಅಷ್ಟೇ ತಗ್ಗಿದರೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ನೀರಿನ ಎರಡು ಅಣುಗಳ ನಡುವಿನ ಒಂದು ಹೈಡ್ರೋಜನ್ ಬಂಧ ಬಿಡಿಸಲು ಇದರ ಮೂರ್ನಾಲ್ಕು ಪಟ್ಟು ಶಕ್ತಿ ಬೇಕು. ಉಂಗುರದ ಮೇಲೆ ಒಂದು ಗುಂಪನ್ನು ಎಲ್ಲಿ ಕೂರಿಸುತ್ತೇವೆ ಎಂಬುದು ಅಣುವಿನ ಆಯುಷ್ಯವನ್ನೇ ಬದಲಿಸಬಲ್ಲದು. ಒಂದು ತುದಿಗೆ ಅಮೈನೊ, ಇನ್ನೊಂದು ತುದಿಗೆ ನೈಟ್ರೊ ಗುಂಪು ಹಾಕಿದರೆ ಸಿಸ್ ರೂಪ ದಿನಗಳ ಬದಲು ಸೆಕೆಂಡು, ಕೆಲವು ದ್ರಾವಕಗಳಲ್ಲಿ ಅದಕ್ಕಿಂತಲೂ ಕಡಿಮೆ ಬಾಳುತ್ತದೆ. ನೈಟ್ರೋಜನ್ನಿನ ಪಕ್ಕದ ನಾಲ್ಕೂ ಸ್ಥಾನಗಳಲ್ಲಿ ಫ್ಲೋರಿನ್ ಕೂರಿಸಿದರೆ ಅರ್ಧಾಯು ಸುಮಾರು ಎರಡು ವರ್ಷಕ್ಕೆ ಏರುತ್ತದೆ. ಇದನ್ನು 2012ರಲ್ಲಿ ಸ್ಟೆಫಾನ್ ಹೆಕ್ಟ್ ಅವರ ತಂಡ ಬರ್ಲಿನ್ನಿನಲ್ಲಿ ತೋರಿಸಿತು. ಅತಿನೇರಳೆಯ ಅಗತ್ಯವೂ ಅಲ್ಲಿ ತಪ್ಪಿತು: ಒಂದು ಕಡೆಗೆ ಹಸಿರು, ಇನ್ನೊಂದು ಕಡೆಗೆ ನೀಲಿ. ಅತಿನೇರಳೆ ಜೀವಕೋಶಕ್ಕೆ ಹಾನಿ ಮಾಡುತ್ತದೆ, ಅಂಗಾಂಶದ ಆಳಕ್ಕೂ ಇಳಿಯುವುದಿಲ್ಲ. ಆದ್ದರಿಂದ ಇದು ಸಣ್ಣ ಸಾಧನೆಯಲ್ಲ. ಮುಂದೆ 2014ರಲ್ಲಿ ಒಂದು ಬೆಂಜೀನ್ ಉಂಗುರದ ಜಾಗಕ್ಕೆ ಪೈರಜೋಲ್ ಉಂಗುರ ತಂದ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಸುಮಾರು 1000 ದಿನಗಳ ಅರ್ಧಾಯು ವರದಿ ಮಾಡಿತು.

ಅಷ್ಟು ದಿನ ಕಾದು ಅಳೆಯುವವರಿಲ್ಲ. ದ್ರಾವಣವನ್ನು 60, 70, 80 ಡಿಗ್ರಿಗಳಲ್ಲಿ ಕತ್ತಲಲ್ಲಿಟ್ಟು ಮರಳುವ ವೇಗ ಅಳೆದು, ಆ ಅಳತೆಗಳಿಂದ ಮೂಡುವ ಗೆರೆಯನ್ನು 25 ಡಿಗ್ರಿವರೆಗೆ ಎಳೆಯುತ್ತೇವೆ. ಪ್ರಬಂಧಗಳಲ್ಲಿ ಕಾಣುವ ದೊಡ್ಡ ಅಂಕಿಗಳು ಬಹುಪಾಲು ಹೀಗೆ ಬಂದವು. ಎಷ್ಟು ತಾಪಗಳಲ್ಲಿ ಅಳೆದಿದ್ದಾರೆ, ಯಾವ ದ್ರಾವಕದಲ್ಲಿ ಅಳೆದಿದ್ದಾರೆ ಎಂದು ನೋಡದೆ ಅಂಕಿಯನ್ನಷ್ಟೇ ಎತ್ತಿಕೊಳ್ಳಬೇಡಿ ಎಂದು ಹೊಸ ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ.

ದಿನನಿತ್ಯದ ಕೆಲಸದ ಬಗ್ಗೆಯೂ ಒಂದು ಮಾತು. ಬೇರೆ ಪ್ರಯೋಗಾಲಯಗಳಿಂದ ಬಂದವರನ್ನು ಮೊದಲು ಗೊಂದಲಕ್ಕೆ ದೂಡುವುದು ಟಿಎಲ್‌ಸಿ ಪ್ಲೇಟ್, ಅಂದರೆ ಬೆರಕೆಯಲ್ಲಿರುವ ವಸ್ತುಗಳನ್ನು ಬೇರೆಬೇರೆ ಚುಕ್ಕೆಗಳಾಗಿ ಬಿಡಿಸಿ ತೋರಿಸುವ, ಸಿಲಿಕಾ ಬಳಿದ ಹಾಳೆ. ಶುದ್ಧ ವಸ್ತುವೇ ಎರಡು ಚುಕ್ಕೆಗಳಾಗಿ ಕಾಣುತ್ತದೆ, ಏಕೆಂದರೆ ಸಿಸ್ ರೂಪಕ್ಕೆ ಧ್ರುವೀಯತೆ ಹೆಚ್ಚು, ಅದು ಸಿಲಿಕಾಕ್ಕೆ ಅಂಟಿ ಕೆಳಗೇ ಉಳಿಯುತ್ತದೆ. ಅಶುದ್ಧವೆಂದು ಮತ್ತೆ ಮತ್ತೆ ಶುದ್ಧೀಕರಣದ ಕಾಲಮ್ ಹಾಕುತ್ತಾ ಹೋದರೆ ವಾರಗಳು ವ್ಯರ್ಥ. ಪ್ಲೇಟನ್ನು ಒಮ್ಮೆ ಓಡಿಸಿ, ಬೆಳಕಿಗೆ ಹಿಡಿದು, 90 ಡಿಗ್ರಿ ತಿರುಗಿಸಿ ಮತ್ತೊಮ್ಮೆ ಓಡಿಸಿ: ಪ್ರತಿ ಚುಕ್ಕೆಯೂ ಮತ್ತೆ ಎರಡಾಗಿ ಒಡೆದರೆ ಅವು ಒಂದೇ ಅಣುವಿನ ಎರಡು ರೂಪಗಳು. ಕೆಂಪು ದೀಪ, ಕಂದು ಬಾಟಲಿ, ಫ್ಲಾಸ್ಕಿಗೆ ಸುತ್ತಿದ ಅಲ್ಯೂಮಿನಿಯಂ ಹಾಳೆ ಇವೆಲ್ಲ ಅಭ್ಯಾಸವಾಗುತ್ತವೆ. ಎನ್‌ಎಂಆರ್ (ಅಣುವಿನ ರಚನೆ ತೋರಿಸುವ ಅಳತೆ) ತೆಗೆಯುವ ಮುನ್ನ ಮಾದರಿಯನ್ನು ಕತ್ತಲಲ್ಲಿ ಇಟ್ಟಿದ್ದೆಯಾ ಎಂಬುದು ನಮ್ಮಲ್ಲಿ ದಿನವೂ ಕೇಳುವ ಪ್ರಶ್ನೆ.

ಮರಳುವಿಕೆಯನ್ನು ಪೂರ್ತಿ ಬೆಳಕಿನ ಕೈಗೇ ಒಪ್ಪಿಸಿದ ಅಣುಗಳೂ ಇವೆ. ಜಪಾನಿನ ಮಸಾಹಿರೊ ಇರಿಯೆ 1980ರ ದಶಕದ ಕೊನೆಯಿಂದ ಬೆಳೆಸಿದ ಡೈಅರೈಲ್‌ಈಥೀನ್‌ಗಳಲ್ಲಿ ಅತಿನೇರಳೆ ಬೆಳಕು ಒಂದು ಉಂಗುರವನ್ನು ಮುಚ್ಚುತ್ತದೆ, ಬಣ್ಣ ಮೂಡುತ್ತದೆ. ಕಣ್ಣಿಗೆ ಕಾಣುವ ಬೆಳಕು ಅದನ್ನು ತೆರೆಯುತ್ತದೆ. ಕೊಠಡಿಯ ತಾಪದಲ್ಲಿ ಶಾಖ ಮಾತ್ರದಿಂದ ಎರಡೂ ಆಗವು. ಒಳ್ಳೆಯ ಮಾದರಿಗಳು ಹತ್ತು ಸಾವಿರಕ್ಕೂ ಹೆಚ್ಚು ಸಲ ಮುಚ್ಚಿ ತೆರೆದರೂ ದಣಿಯುವುದಿಲ್ಲ. ದಣಿಯುವವು ಏಕೆ ದಣಿಯುತ್ತವೆಂದರೆ, ಅತಿನೇರಳೆ ಬೆಳಕಿನಲ್ಲಿ ಆಗೊಮ್ಮೆ ಈಗೊಮ್ಮೆ ಮರಳಲಾಗದ ಒಂದು ಉಪ ಉತ್ಪನ್ನ ಹುಟ್ಟುತ್ತದೆ. ಈ ಅಣುಗಳಲ್ಲಿರುವ ಥಯೊಫೀನ್ ಎಂಬ ಗಂಧಕದ ಉಂಗುರದ ಸರಿಯಾದ ಜಾಗದಲ್ಲಿ ಮೀಥೈಲ್ ಗುಂಪು ಕೂರಿಸಿದರೆ ಆ ದಾರಿ ಬಹುಪಾಲು ಮುಚ್ಚಿಹೋಗುತ್ತದೆ. ಇಂಥ ಕೆಲಸಕ್ಕೆ ಪ್ರಶಸ್ತಿಗಳು ಸಿಗುವುದಿಲ್ಲ, ಆದರೆ ವಸ್ತು ಬಾಳಿಕೆ ಬರುವುದು ಇದರಿಂದಲೇ ಎಂದು ನಾನು ನಂಬಿದ್ದೇನೆ.

ಮರಳುವುದನ್ನೇ ಮುನ್ನಡೆಯಾಗಿಸಿದ್ದು ಡಚ್ ರಸಾಯನವಿಜ್ಞಾನಿ ಬೆನ್ ಫೆರಿಂಗಾ. ಅವರ ತಂಡ 1999ರಲ್ಲಿ ತೋರಿಸಿದ ಅಣು-ಮೋಟಾರಿನಲ್ಲಿ ಬೆಳಕು ಅರ್ಧ ಸುತ್ತು ತಿರುಗಿಸುತ್ತದೆ. ಆಗ ಇಕ್ಕಟ್ಟಿಗೆ ಸಿಕ್ಕಿದ ಭಾಗ ಶಾಖದಿಂದ ಮುಂದಕ್ಕೆ ಜಾರಿಕೊಳ್ಳುತ್ತದೆ, ಹಿಂದಕ್ಕೆ ಹೋಗಲು ಆಸ್ಪದವಿಲ್ಲ. ಮತ್ತೆ ಬೆಳಕು, ಮತ್ತೆ ಶಾಖ, ಒಂದು ಸುತ್ತು ಪೂರ್ಣ. ಆ ಮೊದಲ ಅಣುವಿನ ಒಂದು ಹಂತಕ್ಕೆ 60 ಡಿಗ್ರಿವರೆಗೆ ಕಾಯಿಸಬೇಕಿತ್ತು. 2016ರಲ್ಲಿ ಸೋವಾಜ್, ಸ್ಟಾಡರ್ಟ್ ಅವರೊಂದಿಗೆ ನೊಬೆಲ್ ಬಂದಾಗ ಎಲ್ಲರೂ ಬೆಳಕಿನ ಬಗ್ಗೆ ಮಾತಾಡಿದರು. ದಿಕ್ಕು ನಿಶ್ಚಯವಾಗುವುದು ಆ ಶಾಖದ ಹಂತದಲ್ಲಿ.

ದ್ರಾವಣದಲ್ಲಿ ಸರಾಗವಾಗಿ ಮಡಚುವ ಅಣು ಹರಳಿನಲ್ಲಿ ಅಲುಗಾಡದೆ ಕೂರಬಹುದು, ಸುತ್ತಲೂ ಜಾಗವಿಲ್ಲ. ವಸ್ತುವಾಗಬೇಕಾದರೆ ಜಾಗ ಮಾಡಿಕೊಡಬೇಕು. ಜಪಾನಿನ ಟೊಮಿಕಿ ಇಕೆಡ ಅವರ ತಂಡ 2003ರಲ್ಲಿ ಅಜೋಬೆಂಜೀನನ್ನು ದ್ರವಹರಳಿನ ಪಾಲಿಮರ್ ಜಾಲದಲ್ಲಿ ಹೆಣೆದು, 366 ನ್ಯಾನೊಮೀಟರ್ ಬೆಳಕಿಗೆ ಬಾಗುವ, ಕಾಣುವ ಬೆಳಕಿಗೆ ಮತ್ತೆ ನೆಟ್ಟಗಾಗುವ ಹಾಳೆ ಮಾಡಿತು. ಬೆಳಕಿನ ಧ್ರುವೀಕರಣದ ದಿಕ್ಕು, ಅಂದರೆ ಅದರ ಅಲೆ ಕಂಪಿಸುವ ದಿಕ್ಕು, ತಿರುಗಿಸಿದರೆ ಬಾಗುವ ದಿಕ್ಕೂ ತಿರುಗುತ್ತದೆ.

ಈಗ ನನ್ನನ್ನು ಹೆಚ್ಚು ಕಾಡುತ್ತಿರುವುದು ಸೂರ್ಯನ ಶಕ್ತಿಯನ್ನು ಅಣುವಿನಲ್ಲೇ ಕೂಡಿಡುವ ಕೆಲಸ. ನಾರ್ಬಾರ್ನಡೈಈನ್ ಎಂಬ ಅಣು ಬೆಳಕು ಹೀರಿ, ಶಕ್ತಿ ತುಂಬಿಕೊಂಡ ಬಿಗಿದ ರೂಪವಾದ ಕ್ವಾಡ್ರಿಸೈಕ್ಲೇನ್ ಆಗುತ್ತದೆ. ವೇಗವರ್ಧಕ ತಾಗಿಸಿದರೆ ಶಾಖ ಬಿಟ್ಟು ಮರಳುತ್ತದೆ. ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದಲ್ಲಿ ಕ್ಯಾಸ್ಪರ್ ಮೋತ್-ಪೌಲ್ಸೆನ್ ಅವರ ತಂಡ 2019ರಲ್ಲಿ ಹೀಗೆ ದ್ರಾವಣದ ತಾಪವನ್ನು 63 ಡಿಗ್ರಿಯಷ್ಟು ಏರಿಸಿ ತೋರಿಸಿತು. ಇಲ್ಲಿ ಕೇಳುವುದು ತೀರಾ ಕಠಿಣ: ಕತ್ತಲಲ್ಲಿ ತಿಂಗಳುಗಟ್ಟಲೆ ತಡೆದಿರಬೇಕು, ಕರೆದಾಗ ಥಟ್ಟನೆ ಮರಳಬೇಕು. ಬರಿಯ ನಾರ್ಬಾರ್ನಡೈಈನ್ ಬಿಸಿಲಿನ ಬಹುಪಾಲನ್ನು ಹೀರುವುದೇ ಇಲ್ಲ. ಹೀರಿಸಲು ಗುಂಪುಗಳನ್ನು ಸೇರಿಸಿದರೆ ಅಣು ಭಾರವಾಗುತ್ತದೆ, ಪ್ರತಿ ಕಿಲೋಗೆ ಸಿಗುವ ಶಕ್ತಿ ಇಳಿಯುತ್ತದೆ, ಎಷ್ಟೋ ಸಲ ಅರ್ಧಾಯುವೂ ಕುಗ್ಗುತ್ತದೆ. ಯಾವ ಗುಂಪು ತೂಕಕ್ಕೆ ತಕ್ಕಷ್ಟು ಕೆಲಸ ಮಾಡುತ್ತದೆ ಎಂದು ತಿಳಿಯಲು ಒಂದೊಂದನ್ನೂ ಕಟ್ಟಿ, ಬೆಳಕಿಗೆ ಹಿಡಿದು, ಕತ್ತಲಲ್ಲಿಟ್ಟು ಅಳೆಯುತ್ತಿದ್ದೇವೆ.