ಶೇಕಡಾ ನೂರು ಕವರೇಜ್, ಅದ್ದಿ ನೋಡದ ಕತ್ತಿ

ಸಾಫ್ಟ್‌ವೇರ್ ಟೆಸ್ಟ್‌ಗಳ ‘ಕೋಡ್ ಕವರೇಜ್’ ಅಂಕಿಯನ್ನು ಎಷ್ಟು ನಂಬಬಹುದು? ಅಡಿಕೆ ತೋಟದಿಂದಲೇ ಶುರು ಮಾಡೋಣ. ಸಾಗರ, ತೀರ್ಥಹಳ್ಳಿ ಕಡೆಯ ತೋಟಗಳಲ್ಲಿ ಮಳೆ ಹಿಡಿಯುವ ಮೊದಲೇ ಅಡಿಕೆಗೆ ಕೊಳೆ ಔಷಧಿ ಹೊಡೆಸುತ್ತಾರೆ. ಔಷಧಿ ಬಿದ್ದ ಮರಕ್ಕೆಲ್ಲ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಒಂದು ಗುರುತು ಹಾಕುತ್ತಾ ಹೋದ ಎಂದುಕೊಳ್ಳಿ. ಸಂಜೆ ಎಣಿಸಿದರೆ ಎಷ್ಟು ಮರ ಬಿಟ್ಟುಹೋಗಿವೆ ಎಂದು ತಿಳಿಯುತ್ತದೆ. ಔಷಧಿಯ ಹದ ಸರಿಯಿತ್ತೇ ಎಂದು ತಿಳಿಯುವುದಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆ: 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು ಸೇರಿದ ಈ ಔಷಧಿಗೆ, ಅಂದರೆ ಬೋರ್ಡೋ ದ್ರಾವಣಕ್ಕೆ, ಕಬ್ಬಿಣದ ಕತ್ತಿ ಅದ್ದಬೇಕು. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿಯೇ ಇದೆ, ಸುಣ್ಣ ಸಾಲದು.

ಕೋಡ್ ಕವರೇಜ್ ಎಂದರೆ ಆ ಗುರುತುಗಳ ಎಣಿಕೆ: ಟೆಸ್ಟ್‌ಗಳು ಓಡುವಾಗ ಕೋಡಿನ ನೂರಕ್ಕೆ ಎಷ್ಟು ಸಾಲು ಓಡಿದವು ಎಂಬ ಲೆಕ್ಕ. ಟೆಸ್ಟ್ ಒಳಗಿನ ಅಸರ್ಟ್, ಅಂದರೆ ಬಂದ ಉತ್ತರ ಸರಿಯೇ ಎಂದು ನೋಡುವ ಸಾಲು, ಕತ್ತಿ ಅದ್ದಿದಂತೆ. ಒಂದೂ ಅಸರ್ಟ್ ಇಲ್ಲದೆ ಫಂಕ್ಷನ್‌ಗಳನ್ನು ಸುಮ್ಮನೆ ಕರೆದುಬಿಟ್ಟರೂ ಶೇ. 100 ಬರಬಹುದು. ‘ಕವರೇಜ್ 90 ದಾಟಿತು, ಇನ್ನು ಭಯವಿಲ್ಲ’ ಎನ್ನುವ ಮಾತು ಎಷ್ಟು ಅಪಾಯದ್ದು ಎಂದು ಇದರಿಂದಲೇ ಗೊತ್ತಾಗುತ್ತದೆ.

ಈ ಎಣಿಕೆಯ ವಿಚಾರ ಹೊಸದಲ್ಲ. ಜೋನ್ ಮಿಲ್ಲರ್ ಮತ್ತು ಕ್ಲಿಫರ್ಡ್ ಮಲೋನಿ ಎಂಬ ಸಂಶೋಧಕರು 1963ರಲ್ಲೇ ಇದರ ಬಗ್ಗೆ ಬರೆದಿದ್ದರು. ಆದರೆ ಎಣಿಸುವ ಬಗೆ ನಿಜಕ್ಕೂ ಸೊಗಸಾದದ್ದು. ಸಿ ಭಾಷೆಯ ಪ್ರೋಗ್ರಾಂ ಆದರೆ, ಕವರೇಜ್ ಬೇಕೆಂದು ಹೇಳಿದರೆ, ಅದನ್ನು ಯಂತ್ರದ ಭಾಷೆಗೆ ಇಳಿಸುವಾಗಲೇ (ಕಂಪೈಲ್ ಮಾಡುವಾಗಲೇ) ಜಿಸಿಸಿ ಎಂಬ ಕಂಪೈಲರ್ ನಮ್ಮ ಕೋಡಿನ ದಾರಿಗಳಲ್ಲಿ ಎಣಿಕೆಯ ಸೂಚನೆಗಳನ್ನು ಸೇರಿಸುತ್ತದೆ. ಹಳ್ಳದ ಕಾಲುಸಂಕದ ಬಾಯಲ್ಲಿ ಒಬ್ಬರನ್ನು ಕೂರಿಸಿ, ದಾಟಿದವರನ್ನು ಲೆಕ್ಕ ಹಾಕಿಸಿದಂತೆ. ಹಾಗೆಂದು ಪ್ರತಿ ಸಂಕಕ್ಕೂ ಒಬ್ಬರು ಬೇಕಿಲ್ಲ. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಸೇರುತ್ತವೆ. ತುಂಗೆಯಲ್ಲಿ ಎಷ್ಟು ನೀರು ಬಂತು, ಕೂಡಿದ ಮೇಲೆ ಎಷ್ಟು ಹರಿಯಿತು ಎಂದು ಅಳೆದರೆ ಭದ್ರೆಯ ಪಾಲು ಕಳೆಯುವ ಲೆಕ್ಕದಲ್ಲೇ ಸಿಗುತ್ತದೆ. ಒಳಬಂದಷ್ಟೇ ಹೊರಹೋಗಬೇಕು ಎಂಬ ಇದೇ ನಿಯಮ ಹಿಡಿದು ಜಿಸಿಸಿ ಕೆಲವು ಕವಲುಗಳಲ್ಲಿ ಮಾತ್ರ ಎಣಿಸುತ್ತದೆ, ಉಳಿದದ್ದನ್ನು ಕೂಡಿ ಕಳೆದು ತಿಳಿಯುತ್ತದೆ.

ಕವಲು ಎಂದೆನಲ್ಲ, ಅದರಲ್ಲೇ ಇರುವುದು ಸೂಕ್ಷ್ಮ. ಶಿವಮೊಗ್ಗದ ಅಡಿಕೆ ಮಂಡಿಗೊಂದು ಬಿಲ್ ಪ್ರೋಗ್ರಾಂ ಇದೆ ಎನ್ನಿ. ಮೊದಲ ಸಾಲು: ತೇವಾಂಶ ಮಿತಿಗಿಂತ ಹೆಚ್ಚಿದ್ದರೆ. ಅದರೊಳಗಿನ ಎರಡನೆಯದು: ಕಡಿತ ಇಷ್ಟು. ಮೂರನೆಯದು: ಮೊತ್ತ ಎಂದರೆ ತೂಕ ಗುಣಿಸು ದರ, ಕಳೆ ಕಡಿತ. ತೇವ ಹೆಚ್ಚಿರುವ ಅಡಿಕೆಯದೊಂದು ಟೆಸ್ಟ್ ಬರೆದರೆ 3 ಸಾಲೂ ಓಡುತ್ತವೆ, ಕವರೇಜ್ ಶೇ. 100. ಒಣಗಿದ ಅಡಿಕೆ ಬಂದ ದಿನ ‘ಕಡಿತ’ಕ್ಕೆ ಬೆಲೆಯೇ ಇಲ್ಲದೆ ಬಿಲ್ ನಿಂತುಹೋಗುತ್ತದೆ. ಬ್ರಾಂಚ್ ಕವರೇಜ್ ಆನ್ ಮಾಡಿ: 3 ಸಾಲಿನ ಜೊತೆ 2 ಕವಲೂ (ತೇವಾಂಶ ಹೆಚ್ಚಿದ್ದಾಗಿನ ದಾರಿ, ಇಲ್ಲದಾಗಿನ ದಾರಿ) ಲೆಕ್ಕಕ್ಕೆ ಬಂದು 5ರಲ್ಲಿ 4, ಅಂದರೆ ಶೇ. 80. ಬಿಟ್ಟುಹೋದ ದಾರಿ ವರದಿಯಲ್ಲಿ ಕಾಣುತ್ತದೆ.

ಇನ್ನು ಸಿಐ ಪೈಪ್‌ಲೈನ್, ಅಂದರೆ ಕೋಡ್ ಬದಲಾದಾಗಲೆಲ್ಲ ಟೆಸ್ಟ್‌ಗಳನ್ನು ತಾನಾಗಿಯೇ ಓಡಿಸುವ ವ್ಯವಸ್ಥೆ. ಭಾಷೆ ಪೈಥಾನ್, ಓಡಿಸುವ ವ್ಯವಸ್ಥೆ ಗಿಟ್‌ಹಬ್ ಆಕ್ಷನ್ಸ್ ಎಂದಿಟ್ಟುಕೊಳ್ಳೋಣ. ಟೆಸ್ಟ್ ಓಡಿಸುವ ಪೈಟೆಸ್ಟನ್ನು, ಸಾಲು ಎಣಿಸುವ ಕವರೇಜ್ ಪೈ ಮೂಲಕ ಓಡಿಸಿ, ಸೆಟ್ಟಿಂಗ್ಸ್‌ನಲ್ಲಿ ಬ್ರಾಂಚ್ ಆನ್ ಮಾಡಿ, ‘ಸೋರ್ಸ್’ ಎಂಬಲ್ಲಿ ಕೋಡಿನ ಫೋಲ್ಡರ್ ಹೆಸರು ಬರೆಯಿರಿ. ಇದನ್ನು ಮರೆತರೆ, ಯಾವ ಟೆಸ್ಟೂ ಮುಟ್ಟದ ಫೈಲ್ ವರದಿಯಲ್ಲಿ ಸೊನ್ನೆಯಾಗಿಯೂ ಬರುವುದಿಲ್ಲ. ಅಂಕಿ ಸುಳ್ಳೇ ಉಬ್ಬುತ್ತದೆ.

ಟೆಸ್ಟ್‌ಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಓಡುವ ಹಲವು ಜಾಬ್‌ಗಳಿಗೆ ಹಂಚಿದ್ದರೆ ‘ಪ್ಯಾರಲಲ್’ ಆನ್ ಇರಲಿ, ಇಲ್ಲದಿದ್ದರೆ ಎಲ್ಲ ಜಾಬ್‌ಗಳ ಫೈಲಿಗೂ ಒಂದೇ ಹೆಸರಾಗಿ ಒಂದರ ಮೇಲೊಂದು ಬೀಳುತ್ತವೆ. ‘ರಿಲೇಟಿವ್ ಫೈಲ್ಸ್’ ಕೂಡ ಆನ್ ಇರಲಿ, ಯಾಕೆಂದರೆ ಯಂತ್ರದಿಂದ ಯಂತ್ರಕ್ಕೆ ಫೋಲ್ಡರಿನ ಪೂರ್ತಿ ವಿಳಾಸ ಬೇರೆಯಾದರೆ ಎಲ್ಲವನ್ನೂ ಒಂದಾಗಿ ಸೇರಿಸುವಾಗ (ಕಂಬೈನ್ ಮಾಡುವಾಗ) ಒಂದೇ ಫೈಲ್ ಎರಡಾಗಿ ತೋರುತ್ತದೆ. ಹೆಚ್ಚು ಜನ ಎಡವುವುದು ಮಾತ್ರ ಇಲ್ಲಿ: ಕವರೇಜ್ ದತ್ತಾಂಶದ ಫೈಲ್ ಹೆಸರು ಚುಕ್ಕಿಯಿಂದ ಶುರುವಾಗುತ್ತದೆ. 2024ರಿಂದ, ಒಂದು ಜಾಬ್‌ನ ಫೈಲನ್ನು ಇನ್ನೊಂದಕ್ಕೆ ಸಿಗುವಂತೆ ಎತ್ತಿಡುವ ಅಪ್‌ಲೋಡ್ ಆರ್ಟಿಫ್ಯಾಕ್ಟ್ ಆಕ್ಷನ್ ಅಂಥ ಫೈಲ್‌ಗಳನ್ನು ತಾನಾಗಿಯೇ ಕೈಬಿಡುತ್ತದೆ. ‘ಇನ್‌ಕ್ಲೂಡ್ ಹಿಡನ್ ಫೈಲ್ಸ್’ ಟ್ರೂ ಮಾಡದಿದ್ದರೆ ಕೊನೆಯ ಜಾಬ್‌ಗೆ ಕಂಬೈನ್ ಮಾಡಲು ಏನೂ ಸಿಗುವುದಿಲ್ಲ.

ಕವರೇಜ್ ಇಷ್ಟಕ್ಕಿಂತ ಇಳಿದರೆ ಪೈಪ್‌ಲೈನ್ ತಡೆಯಬೇಕು ಎಂಬ ಮಿತಿ ಎಷ್ಟಿಡಬೇಕು? ಶೇ. 60 ಇರುವ ಹಳೆಯ ಕೋಡಿಗೆ ಒಮ್ಮೆಲೇ 85 ಕೇಳಿದರೆ ಅಸರ್ಟ್ ಇಲ್ಲದ ಟೆಸ್ಟ್‌ಗಳು ಹುಟ್ಟುತ್ತವೆ, ಅಷ್ಟೇ. ಒಟ್ಟು ಅಂಕಿಯ ಮೇಲೆ ಬಿಗಿ ಹಿಡಿದರೆ ಇನ್ನೊಂದು ಅನ್ಯಾಯವೂ ಇದೆ: 100 ಸಾಲಿನಲ್ಲಿ 80 ಓಡುತ್ತಿರುವಾಗ, ಓಡುತ್ತಿದ್ದ 20 ಬೇಡದ ಸಾಲುಗಳನ್ನು ಯಾರೋ ಅಳಿಸಿ ಹಸನು ಮಾಡಿದರು ಎನ್ನಿ. 80ರಲ್ಲಿ 60, ಶೇ. 75! ಒಳ್ಳೆಯ ಕೆಲಸಕ್ಕೆ ಕೆಂಪು ಗುರುತು. ಹಾಗಾಗಿ ಒಟ್ಟು ಮಿತಿಯನ್ನು ಇವತ್ತಿನ ಅಂಕಿಗಿಂತ ಒಂದೆರಡು ಕೆಳಗಿಟ್ಟು, ಬದಲಾದ ಸಾಲುಗಳಿಗೆ ಮಾತ್ರ 90 ಕೇಳಿ. ಕವರೇಜಿನ ಎಕ್ಸ್‌ಎಂಎಲ್ ವರದಿಯನ್ನು ಡಿಫ್ ಕವರ್ ಎಂಬ ಸಾಧನಕ್ಕೆ ಕೊಟ್ಟರೆ ಅದು ಗಿಟ್‌ನ ಮುಖ್ಯ ಬ್ರಾಂಚಿನ (ಇದು ಮೇಲಿನ ಕವಲಲ್ಲ, ಕೋಡಿನ ಮೂಲ ಪ್ರತಿ) ಜೊತೆ ಹೋಲಿಸಿ ಹೇಳುತ್ತದೆ. ಯಂತ್ರಕ್ಕೆ ಕೋಡ್ ತರುವ ಚೆಕ್‌ಔಟ್ ಆಕ್ಷನ್ ಸುಮ್ಮನೆ ಬಿಟ್ಟರೆ ಒಂದೇ ಕಮಿಟ್ (ದಾಖಲಾದ ಒಂದು ಬದಲಾವಣೆ) ತರುತ್ತದೆ, ಹೋಲಿಸಲು ಹಿಂದಿನದೇ ಇರುವುದಿಲ್ಲ. ‘ಫೆಚ್ ಡೆಪ್ತ್’ 0 ಮಾಡಿ.

ಉಳಿದದ್ದು ಕತ್ತಿಯ ಪರೀಕ್ಷೆ. ಮಂಡಿ ಬಿಲ್ಲಿನ ‘ಮಿತಿಗಿಂತ ಹೆಚ್ಚಿದ್ದರೆ’ ಎಂಬುದನ್ನು ಬೇಕೆಂದೇ ‘ಹೆಚ್ಚು ಅಥವಾ ಸಮವಿದ್ದರೆ’ ಎಂದು ಕೆಡಿಸಿ ಟೆಸ್ಟ್ ಓಡಿಸಿ. ಮ್ಯುಟೇಶನ್ ಟೆಸ್ಟಿಂಗ್ ಎನ್ನುವುದು ಇದನ್ನೇ. ಸಾವಿರಾರು ಸಲ ಕೆಡಿಸಿ ಓಡಿಸಬೇಕಾದ್ದರಿಂದ ನಿಧಾನ; ಕೋಡ್ ಕಳಿಸುವ ಪ್ರತಿ ಪುಶ್‌ಗೆ ಬೇಡ, ರಾತ್ರಿಯ ಜಾಬ್‌ಗೆ ಹಾಕಿ. ಬೆಳಿಗ್ಗೆ ನೋಡಿದಾಗ, ಕೆಡಿಸಿದ ಮೇಲೂ ಎಲ್ಲ ಟೆಸ್ಟ್ ಹಸಿರೇ (ಪಾಸೇ) ಇದ್ದರೆ, ತೇವಾಂಶ ಸರಿಯಾಗಿ ಮಿತಿಯಷ್ಟೇ ಇರುವ ಅಡಿಕೆಯ ಬಿಲ್ಲನ್ನು ಯಾವ ಟೆಸ್ಟೂ ಪರೀಕ್ಷಿಸಿಲ್ಲ.