ಅರ್ಜೆಂಟೀನಾ ಫುಟ್‌ಬಾಲಿನ ಎರಡನೇ ದರ್ಜೆ: ಪ್ರಿಮೇರಾ ನಾಸಿಯೊನಾಲ್ ಓದಿಕೊಳ್ಳುವ ಬಗೆ

ಅರ್ಜೆಂಟೀನಾದಲ್ಲಿ ಎರಡನೇ ದರ್ಜೆಯ ಪಂದ್ಯಾವಳಿ 1899ರಿಂದಲೂ ಇದೆ. ಇವತ್ತಿನ ಪ್ರಿಮೇರಾ ನಾಸಿಯೊನಾಲ್ ಮಾತ್ರ 1986ರ ಕೂಸು; ಆಗ ಅದರ ಹೆಸರು ನಾಸಿಯೊನಾಲ್ ಬಿ. ಈ ಲೀಗ್ ಅರ್ಥವಾಗಬೇಕಾದರೆ ಎರಡು ವಿಷಯ ಗಟ್ಟಿ ಮಾಡಿಕೊಳ್ಳಬೇಕು: ಕ್ಲಬ್ಬಿನ ಸದಸ್ಯತ್ವ ಯಾವ ಬಗೆಯದು, ಮತ್ತು ಸರಾಸರಿ ಅಂಕದ ಲೆಕ್ಕ. ಉಳಿದದ್ದೆಲ್ಲ ಇವೆರಡರಿಂದಲೇ ಹುಟ್ಟುತ್ತದೆ.

ಮೊದಲು ಸದಸ್ಯತ್ವ. ದೇಶದ ಫುಟ್‌ಬಾಲ್ ಸಂಸ್ಥೆ ಎಎಫ್‌ಎಗೆ ಕೆಲವು ಕ್ಲಬ್ಬುಗಳು ನೇರ ಸದಸ್ಯರು. ಇವುಗಳಲ್ಲಿ ಬಹುಪಾಲು ಬ್ಯೂನಸ್ ಐರಿಸ್ ಮತ್ತು ಅದರ ಸುತ್ತಲಿನವು. ಜತೆಗೆ ಲಾ ಪ್ಲಾಟಾ, ರೊಸಾರಿಯೊ, ಸಾಂಟಾ ಫೇ ನಗರಗಳ ಕೆಲವು. ಒಳನಾಡಿನ ಪ್ರಾಂತ್ಯಗಳ ಕ್ಲಬ್ಬುಗಳು ತಂತಮ್ಮ ಊರಿನ ಲೀಗಿನ ಮೂಲಕ ಪರೋಕ್ಷ ಸದಸ್ಯರು. 1986ಕ್ಕೆ ಮುಂಚೆ ಎರಡನೇ ದರ್ಜೆಯೆಂದರೆ ಪ್ರಿಮೇರಾ ಬಿ, ಅದರಲ್ಲಿ ಆಡುತ್ತಿದ್ದದ್ದು ನೇರ ಸದಸ್ಯರು ಮಾತ್ರ. ಒಳನಾಡಿನವರಿಗೆ 1967ರಿಂದ 'ನಾಸಿಯೊನಾಲ್' ಎಂಬ ಪ್ರತ್ಯೇಕ ಪಂದ್ಯಾವಳಿಯಲ್ಲಿ ಜಾಗ ಸಿಕ್ಕಿತು. ಆದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಮೇಲಿನ ದರ್ಜೆಯಲ್ಲಿ ನೆಲೆಯೂರುವ ದಾರಿ ಇರಲಿಲ್ಲ. ಕೊರ್ದೊಬಾದ ತಾಯೆರೆಸ್‌ನಂಥ ಒಂದೆರಡು ಕ್ಲಬ್ಬುಗಳು 1980ರ ಹೊತ್ತಿಗೆ ಒಳಬಂದದ್ದು ವಿಶೇಷ ನಿರ್ಣಯದ ಬಲದಿಂದ.

1986-87ರಲ್ಲಿ 22 ತಂಡಗಳೊಂದಿಗೆ ಶುರುವಾದ ಹೊಸ ಲೀಗ್ ಎರಡೂ ಬಗೆಯ ಕ್ಲಬ್ಬುಗಳನ್ನು ಒಂದೇ ಅಂಕಪಟ್ಟಿಗೆ ತಂದಿತು. ಮೊದಲ ಚಾಂಪಿಯನ್ ದೆಪೊರ್ತಿವೊ ಆರ್ಮೆನಿಯೊ, ಆರ್ಮೇನಿಯಾ ಮೂಲದವರು ಕಟ್ಟಿದ ಕ್ಲಬ್. ಮರುವರ್ಷವೇ ದೇಶದ ಈಶಾನ್ಯ ಮೂಲೆಯ ಕೊರಿಯೆಂತೆಸ್ ನಗರದ 'ದೆಪೊರ್ತಿವೊ ಮಂದಿಯೂ' ಎಂಬ ಕ್ಲಬ್ ಗೆದ್ದಿತು. ಹಳೆಯ ವ್ಯವಸ್ಥೆಯಲ್ಲಿ ಇದು ಸಾಧ್ಯವೇ ಇರಲಿಲ್ಲ. ನನ್ನ ಲೆಕ್ಕದಲ್ಲಿ ಈ ಲೀಗಿನ ದೊಡ್ಡ ಸಾಧನೆ ಇದೇ.

ಕಲಿಯುವವರು ಎಡವುವುದು ಇಲ್ಲಿಂದ ಕೆಳಕ್ಕೆ ಇಳಿಯುವಾಗ. ಮೂರನೇ ಹಂತದಲ್ಲಿ ದಾರಿ ಎರಡಾಗಿ ಕವಲೊಡೆಯುತ್ತದೆ: ನೇರ ಸದಸ್ಯರು ಪ್ರಿಮೇರಾ ಬಿಗೆ, ಪರೋಕ್ಷ ಸದಸ್ಯರು ಟೊರ್ನಿಯೊ ಫೆಡರಲ್ ಎಗೆ. ಭೂಪಟ ನೋಡಿ ಊಹಿಸಬೇಡಿ. ಸೆಂಟ್ರಲ್ ಕೊರ್ದೊಬಾ ಎಂಬ ಹೆಸರಿನ ಕ್ಲಬ್ ರೊಸಾರಿಯೊದಲ್ಲೂ ಇದೆ, ಸ್ಯಾಂಟಿಯಾಗೊ ದೆಲ್ ಎಸ್ತೆರೊದಲ್ಲೂ ಇದೆ. ಮೊದಲನೆಯದು ನೇರ ಸದಸ್ಯ, ಎರಡನೆಯದು ಪರೋಕ್ಷ. ಸ್ಯಾನ್ ಮಾರ್ಟಿನ್ ಟುಕುಮಾನ್‌ನಲ್ಲೊಂದು, ಸ್ಯಾನ್ ಹುವಾನ್‌ನಲ್ಲೊಂದು. ಹಿಮ್ನಾಸಿಯಾ ಲಾ ಪ್ಲಾಟಾ, ಮೆಂಡೋಸಾ, ಹುಹುಯ್ ಮೂರೂ ಕಡೆ ಇದೆ. ಟಿಪ್ಪಣಿ ಬರೆದುಕೊಳ್ಳುವಾಗ ಹೆಸರಿನ ಮುಂದೆ ಊರು ಸೇರಿಸದಿದ್ದರೆ ಅಂಕಪಟ್ಟಿ ಖಂಡಿತ ಕಲಸಿಹೋಗುತ್ತದೆ.

ಇನ್ನು ಸರಾಸರಿ, ಅವರ ಮಾತಿನಲ್ಲಿ ಪ್ರೊಮೆದಿಯೊ: ಕೆಳಗಿಳಿಯುವವರು ಯಾರೆಂದು ಆ ವರ್ಷದ ಅಂಕಪಟ್ಟಿಯಿಂದಲ್ಲ, ಹಲವು ಋತುಗಳ ಸರಾಸರಿ ಅಂಕದಿಂದ ತೀರ್ಮಾನಿಸುವ ಪದ್ಧತಿ. ಸ್ಯಾನ್ ಲೊರೆನ್ಸೊದಂಥ ದೊಡ್ಡ ಕ್ಲಬ್ 1981ರಲ್ಲಿ ಹಿಂಬಡ್ತಿ ಪಡೆದ ಮೇಲೆ, 1983ರಲ್ಲಿ ಈ ಪದ್ಧತಿ ಮರಳಿ ಬಂತು. ಆ ವರ್ಷ ಮೇಲಿನ ದರ್ಜೆಯ ಮೆಟ್ರೊಪಾಲಿಟನ್ ಪಂದ್ಯಾವಳಿಯಲ್ಲಿ 19 ತಂಡಗಳ ಪೈಕಿ ರಿವರ್ ಪ್ಲೇಟ್ 18ನೆಯದು. ಸರಾಸರಿ ಅದನ್ನು ಉಳಿಸಿತು. ಕೆಳಗಿಳಿದದ್ದು ಆವೆಯಾನೆದಾದ ರೇಸಿಂಗ್ ಮತ್ತು ನುಯೆವಾ ಚಿಕಾಗೊ.

ಲೆಕ್ಕ ಸರಳ: ಮೂರು ಋತುಗಳ ಒಟ್ಟು ಅಂಕವನ್ನು ಆ ಮೂರು ಋತುಗಳಲ್ಲಿ ಆಡಿದ ಒಟ್ಟು ಪಂದ್ಯಗಳಿಂದ ಭಾಗಿಸಬೇಕು. ಹೊಸದಾಗಿ ಬಡ್ತಿ ಪಡೆದವರಿಗೆ ಬಂದ ಮೇಲಿನ ಪಂದ್ಯಗಳಷ್ಟೇ ಲೆಕ್ಕ. ಋತುವಿಗೆ 38 ಪಂದ್ಯ ಎಂದಿಟ್ಟುಕೊಳ್ಳಿ. ಹಳೆಯ ತಂಡ 55, 50, 30 ಅಂಕ ಗಳಿಸಿದರೆ 135 ಭಾಗಿಸು 114, ಅಂದರೆ 1.184. ಹೊಸ ತಂಡ ಈ ವರ್ಷ 43 ಗಳಿಸಿದರೆ 43 ಭಾಗಿಸು 38, ಅಂದರೆ 1.132. ಈ ವರ್ಷ 13 ಅಂಕ ಹೆಚ್ಚು ಪಡೆದವರೇ ಪಟ್ಟಿಯಲ್ಲಿ ಕೆಳಗೆ! ಋತುವಿನ ಕೊನೆಯಲ್ಲಿ ನೋಡಿದರೆ ಒಂದು ಗೆಲುವು ಹೊಸಬರ ಸರಾಸರಿಗೆ 0.079 ತೂಕದ್ದು, ಹಳಬರಿಗೆ 0.026 ಮಾತ್ರ. ಹಾಗಾಗಿ ಹೊಸ ತಂಡ ಬೇಗ ಏರಲೂಬಹುದು, ಬೇಗ ಕುಸಿಯಲೂಬಹುದು; ಹಳೆಯ ತಂಡ ಕುಸಿಯತೊಡಗಿದರೆ ಒಂದು ಒಳ್ಳೆಯ ವರ್ಷದಿಂದ ಚೇತರಿಸಿಕೊಳ್ಳುವುದು ಕಷ್ಟ.

2011ರಲ್ಲಿ ರಿವರ್‌ಗೆ ಆದದ್ದು ಈ ಎರಡನೆಯದು. 2008-09ರಲ್ಲಿ 41, ಮರುವರ್ಷ 43, 2010-11ರಲ್ಲಿ 57. ಒಟ್ಟು 141 ಅಂಕ, 114 ಪಂದ್ಯ, ಸರಾಸರಿ 1.237. ಕೊನೆಯ ವರ್ಷದ 57 ಹಿಂಬಡ್ತಿಯ ಅಂಕವೇ ಅಲ್ಲ. ಆದರೆ 2008ರ ಮೊದಲರ್ಧದಲ್ಲಿ ಗೆದ್ದ ಕ್ಲೌಸುರಾ (ಋತುವಿನ ಎರಡನೇ ಅರ್ಧದ ಪಂದ್ಯಾವಳಿ) ಪ್ರಶಸ್ತಿಯ ಅಂಕಗಳು ಮೂರು ವರ್ಷದ ಅವಧಿಯಿಂದ ಹೊರಬಿದ್ದಿದ್ದವು. ಅದರ ಬೆನ್ನಿಗೇ ಕೊನೆಯ ಸ್ಥಾನಕ್ಕೆ ಬಿದ್ದ ಅಪೆರ್ತುರಾದ (ಮುಂದಿನ ಋತುವಿನ ಮೊದಲರ್ಧದ ಪಂದ್ಯಾವಳಿ) ಅಂಕಗಳು ಒಳಗೇ ಉಳಿದಿದ್ದವು. ಉಳಿವು ತೀರ್ಮಾನಿಸುವ ಪ್ಲೇಆಫ್‌ನಲ್ಲಿ ಎದುರಾದದ್ದು ಎರಡನೇ ದರ್ಜೆಯ, ಕೊರ್ದೊಬಾದ ಬೆಲ್ಗ್ರಾನೊ. ಮೊದಲ ಪಂದ್ಯದಲ್ಲಿ ರಿವರ್‌ಗೆ 0-2 ಸೋಲು. ಒಟ್ಟು ಗೋಲು ಸಮವಾದರೆ ಮೇಲಿನ ದರ್ಜೆಯ ತಂಡವೇ ಉಳಿಯುವ ನಿಯಮವಿದ್ದುದರಿಂದ ತವರಿನಲ್ಲಿ ಎರಡು ಗೋಲುಗಳ ಗೆಲುವು ಸಾಕಿತ್ತು. ಜೂನ್ 26ರಂದು ರಿವರ್‌ನ ಪವೋನೆ ಆರಂಭದಲ್ಲೇ ಗೋಲು ಹೊಡೆದ. ದ್ವಿತೀಯಾರ್ಧದಲ್ಲಿ ಬೆಲ್ಗ್ರಾನೊ ಸಮ ಮಾಡಿತು. ಆಮೇಲೆ ಪವೋನೆಯ ಪೆನಾಲ್ಟಿಯನ್ನು ಗೋಲ್‌ಕೀಪರ್ ಒಲಾವೆ ತಡೆದ. 1-1, ರಿವರ್ ಕೆಳಗಿಳಿಯಿತು. ಮರುವರ್ಷ ರಿವರ್ ಈ ಲೀಗ್ ಗೆದ್ದೇ ಮರಳಿತು. ನಿರ್ಣಾಯಕ ಕೊನೆಯ ಪಂದ್ಯದಲ್ಲಿ ಅಲ್ಮಿರಾಂತೆ ಬ್ರೌನ್ ವಿರುದ್ಧ ಎರಡೂ ಗೋಲು ಟ್ರೆಜೆಗೆಯದು.

ಸರಾಸರಿಯ ಇನ್ನೊಂದು ವಿಚಿತ್ರ ಫಲ ಪರಾನಾ ನಗರದ ಪತ್ರೊನಾತೊ. 2022ರಲ್ಲಿ ಸರಾಸರಿಯಿಂದ ಹಿಂಬಡ್ತಿ, ಅದೇ ಅಕ್ಟೋಬರಿನಲ್ಲಿ ದೇಶದ ನಾಕೌಟ್ ಕಪ್ ಆದ ಕೋಪಾ ಅರ್ಜೆಂಟೀನಾ ಪ್ರಶಸ್ತಿ. ಹೀಗಾಗಿ 2023ರಲ್ಲಿ ಎರಡನೇ ದರ್ಜೆಯಲ್ಲಿದ್ದುಕೊಂಡೇ ದಕ್ಷಿಣ ಅಮೆರಿಕದ ಕ್ಲಬ್ಬುಗಳ ಪಂದ್ಯಾವಳಿ ಕೋಪಾ ಲಿಬರ್ತದೋರೆಸ್ ಆಡಿತು. ಆ ವರ್ಷದಿಂದ ಮೇಲಿನ ದರ್ಜೆಯಲ್ಲಿ ಒಂದು ಹಿಂಬಡ್ತಿ ಸರಾಸರಿಯಿಂದ, ಇನ್ನೊಂದು ವಾರ್ಷಿಕ ಪಟ್ಟಿಯಿಂದ ಎಂದಾಯಿತು. 2024ರ ಮಟ್ಟಿಗೆ ಹಿಂಬಡ್ತಿಯನ್ನೇ ರದ್ದು ಮಾಡಿದರು.

ತಂಡಗಳ ಸಂಖ್ಯೆಯನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ, ಅದು ನಿಲ್ಲುವುದೇ ಇಲ್ಲ. 2011-12ರಲ್ಲಿ 20. 2022ರಲ್ಲಿ ಒಂದೇ ಪಟ್ಟಿಯಲ್ಲಿ 37: ಪ್ರತಿ ಸುತ್ತಿಗೆ ಒಂದು ತಂಡಕ್ಕೆ ಬಿಡುವು, ಪ್ರತಿ ಎದುರಾಳಿಯ ಜತೆ ಒಂದೇ ಪಂದ್ಯ. 2024ರಲ್ಲಿ 19ರ ಎರಡು ಗುಂಪು. ಗುಂಪಿನ ಅಗ್ರರಿಬ್ಬರ ನಡುವೆ ಫೈನಲ್, ಗೆದ್ದವರಿಗೆ ಮೊದಲ ಬಡ್ತಿ. ಸೋತವರಿಗೆ ರೆದುಸಿದೊ ಎಂಬ ಪ್ಲೇಆಫ್‌ನಲ್ಲಿ ಇನ್ನೊಂದು ಅವಕಾಶ. ಆ ವರ್ಷ ಫೈನಲ್ ಗೆದ್ದದ್ದು ಅಲ್ದೊಸಿವಿ, ರೆದುಸಿದೊ ದಾಟಿದ್ದು ಸ್ಯಾನ್ ಹುವಾನಿನ ಸ್ಯಾನ್ ಮಾರ್ಟಿನ್.

ಹಳೆಯ ಪಟ್ಟಿ ನೋಡುವಾಗ 2014ನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಿ. ಆ ವರ್ಷದ ಮಧ್ಯದಲ್ಲಿ 2013-14ರ ಋತು ಮುಗಿದು ಬಾನ್‌ಫೀಲ್ಡ್, ದೆಫೆನ್ಸಾ ಇ ಹುಸ್ತಿಸಿಯಾ, ಇಂದಿಪೆಂದಿಯೆಂತೆ ಮೇಲೇರಿದವು. ಉಳಿದ ಅರ್ಧ ವರ್ಷದಲ್ಲಿ 11ರ ಎರಡು ಗುಂಪು ಮಾಡಿ, ಪ್ರತಿ ಗುಂಪಿನಿಂದ ಐದರಂತೆ ಇನ್ನೂ ಹತ್ತು ತಂಡಗಳಿಗೆ ಬಡ್ತಿ ಕೊಟ್ಟರು. 2015ರಲ್ಲಿ ಮೇಲಿನ ದರ್ಜೆ 30 ತಂಡಗಳದ್ದಾದದ್ದು ಹೀಗೆ.