ನಂಬರ್ ಒನ್ ಹುಡುಗನನ್ನು ಹತ್ತೇ ಪಂದ್ಯಕ್ಕೆ ವಾಪಸ್ ಕಳಿಸಿದ್ದು ಯಾಕೆ?

ಪ್ರಶ್ನೆ: ಕ್ರಿಕೆಟ್ ನೋಡಿಕೊಂಡು ಬೆಳೆದವರಿಗೆ ಬೇಸ್‌ಬಾಲ್‌ನ ಈ ಒಂದು ವಿಷಯ ಅರ್ಥವೇ ಆಗಲ್ಲ. ಕೋಟಿಗಟ್ಟಲೆ ಕೊಟ್ಟು ಹುಡುಗನನ್ನು ತರ್ತಾರೆ, ಆಮೇಲೆ ವರ್ಷಗಟ್ಟಲೆ ಸಣ್ಣ ಊರುಗಳಲ್ಲಿ ಆಡಿಸ್ತಾರೆ. ಮೇಲೆ ಕರೆದರೂ ಮತ್ತೆ ಕೆಳಗೆ ಕಳಿಸ್ತಾರೆ. ನೇರವಾಗಿ ದೊಡ್ಡ ತಂಡದಲ್ಲೇ ಆಡಿಸಿದರೆ ಏನಾಗುತ್ತೆ?

ಉತ್ತರ: ಏನಾಗುತ್ತೆ ಅಂತ ನೋಡೋಕೆ ಜಾಕ್ಸನ್ ಹಾಲಿಡೇಗಿಂತ ಒಳ್ಳೆ ಉದಾಹರಣೆ ಬೇಕಿಲ್ಲ.

ಒಕ್ಲಹೋಮಾದ ಸ್ಟಿಲ್‌ವಾಟರ್‌ನ ಹುಡುಗ. ಅಪ್ಪ ಮ್ಯಾಟ್ ಹಾಲಿಡೇ ಕೂಡ ದೊಡ್ಡ ಲೀಗ್‌ನಲ್ಲಿ (ಮೇಜರ್ ಲೀಗ್, ಅಮೆರಿಕದ ಬೇಸ್‌ಬಾಲ್‌ನ ಅತಿ ಮೇಲಿನ ಹಂತ) ಹೆಸರು ಮಾಡಿದವನು. 2022ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳೋದು) ಬಾಲ್ಟಿಮೋರ್ ಓರಿಯೋಲ್ಸ್ ಇವನನ್ನು ಎಲ್ಲರಿಗಿಂತ ಮೊದಲು ಆರಿಸಿಕೊಂಡಿತು, ಸಹಿ ಹಾಕಿದ್ದಕ್ಕೇ ಸುಮಾರು 82 ಲಕ್ಷ ಡಾಲರ್ ಕೊಟ್ಟಿತು. ಆಗಿನ್ನೂ ಅವನಿಗೆ 18, ಹೈಸ್ಕೂಲ್ ಮುಗಿಸಿದ್ದ ಅಷ್ಟೇ.

ಹೈಸ್ಕೂಲ್‌ನಲ್ಲಿ ಇಂಥ ಹುಡುಗನಿಗೆ ಎದುರಾಗೋ ಪಿಚರ್‌ಗಳಲ್ಲಿ (ನಮ್ಮ ಬೌಲರ್ ಥರ ಚೆಂಡು ಎಸೆಯೋರು) ಹೆಚ್ಚಿನವರು ಮುಂದೆ ಬೇಸ್‌ಬಾಲ್ ಆಡೋದೇ ಇಲ್ಲ. ದೊಡ್ಡ ಲೀಗ್‌ನಲ್ಲಿ ಎಲ್ಲರೂ ವೇಗವಾಗಿ ಎಸೆಯುತ್ತಾರೆ, ಅದೇ ಕೈಯಿಂದ ತಿರುಗುವ ಚೆಂಡು, ಕೆಳಗೆ ಬೀಳುವ ಚೆಂಡು, ಎಲ್ಲವನ್ನೂ ಒಂದೇ ಥರ ಕಾಣೋ ಹಾಗೆ ಬಿಡುತ್ತಾರೆ. ಹೊಡೀಬೇಕೋ ಬಿಡಬೇಕೋ ಅಂತ ನಿರ್ಧರಿಸೋಕೆ ಅರ್ಧ ಸೆಕೆಂಡೂ ಸಿಗಲ್ಲ. ಈ ಅಂತರವನ್ನು ಒಂದೇ ಜಿಗಿತಕ್ಕೆ ದಾಟೋಕಾಗಲ್ಲ, ಅದಕ್ಕೇ ಮೆಟ್ಟಿಲು. ತೀರಾ ಹೊಸಬರಿಗೆ ಫ್ಲೋರಿಡಾ, ಅರಿಜೋನಾದಲ್ಲಿ ನಡೆಯೋ ತರಬೇತಿ ಮೈದಾನದ ಲೀಗ್‌ಗಳಿವೆ. ಅದರ ಮೇಲೆ ಲೋ-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. 30 ದೊಡ್ಡ ತಂಡಗಳಿಗೂ ತಲಾ ನಾಲ್ಕು, ಒಟ್ಟು 120 ತಂಡ.

ಹಾಲಿಡೇ 2023ರಲ್ಲಿ ಈ ನಾಲ್ಕೂ ಮೆಟ್ಟಿಲನ್ನು ಒಂದೇ ಸೀಸನ್‌ನಲ್ಲಿ ಹತ್ತಿಬಿಟ್ಟ. ಡೆಲ್ಮಾರ್ವಾದಲ್ಲಿ 14 ಪಂದ್ಯ, ಅಬರ್ಡೀನ್‌ನಲ್ಲಿ 57, ಬೋವಿಯಲ್ಲಿ 36, ಕೊನೆಗೆ ಟ್ರಿಪಲ್-ಎ ತಂಡವಾದ ವರ್ಜೀನಿಯಾದ ನಾರ್ಫೋಕ್‌ನಲ್ಲಿ 18. ಒಟ್ಟಾರೆ ಸರಾಸರಿ .323, ಅಂದರೆ ನೂರು ಸಲಕ್ಕೆ ಮೂವತ್ತೆರಡು ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ತಲುಪೋದು). ವಯಸ್ಸು 19. ಆದರೆ ಆ ಮೊತ್ತವನ್ನು ಬಿಡಿಸಿ ನೋಡಿ: ಕೆಳಗಿನ ಮೆಟ್ಟಿಲಲ್ಲಿ .396 ಇದ್ದದ್ದು ಟ್ರಿಪಲ್-ಎಗೆ ಬರುವಷ್ಟರಲ್ಲಿ .267. ಬರೀ 18 ಪಂದ್ಯದ ಲೆಕ್ಕ ಅದು, ಜಾಸ್ತಿ ಅರ್ಥ ಹಚ್ಚೋಕಾಗಲ್ಲ ನಿಜ. ಆದರೂ ಅಲ್ಲಿ ಎದುರಿಗಿರೋರು ಹುಡುಗರಲ್ಲ. ದೊಡ್ಡ ಲೀಗ್ ಆಡಿ ಕೆಳಗೆ ಬಂದವರು, ಮತ್ತೆ ಮೇಲೆ ಹೋಗೋಕೆ ಕಾಯ್ತಿರೋರು, ಬ್ಯಾಟರ್‌ನ ದೌರ್ಬಲ್ಯವನ್ನು ಎರಡು ಸಲ ನೋಡಿದರೆ ಹಿಡಿಯೋರು.

ಇಲ್ಲಿ ನಮ್ಮ ಕಡೆಯವರಿಗೆ ಗೊಂದಲ ಆಗೋ ಇನ್ನೊಂದು ವಿಷಯ ಇದೆ. ರಣಜಿಯಲ್ಲಿ ಕರ್ನಾಟಕ ಗೆಲ್ಲಬೇಕು ಅಂತ ಆಡುತ್ತದೆ, ಆಟಗಾರ ಅದರಿಂದ ಮೇಲೆ ಹೋದರೆ ಅದು ಬೇರೆ ಮಾತು. ಈ ಕೆಳಗಿನ ಮೆಟ್ಟಿಲುಗಳಲ್ಲಿ, ಅಂದರೆ ಮೈನರ್ ಲೀಗ್‌ನಲ್ಲಿ, ಇದು ಉಲ್ಟಾ. ನಾರ್ಫೋಕ್‌ನ ಟಿಕೆಟ್, ತಿಂಡಿ, ಮೈದಾನ ನೋಡಿಕೊಳ್ಳೋರು ಬೇರೆ ಮಾಲೀಕರು, ಆದರೆ ಆಟಗಾರ, ಕೋಚ್ ಎಲ್ಲರಿಗೂ ಸಂಬಳ ಬಾಲ್ಟಿಮೋರ್‌ನಿಂದ. ಯಾರು ಎಲ್ಲಿ ನಿಲ್ಲಬೇಕು, ಯಾವ ಪಿಚರ್ ಎಷ್ಟು ಚೆಂಡು ಎಸೆಯಬೇಕು ಅನ್ನೋದು ಮೇಲಿಂದಲೇ ಬರುತ್ತದೆ. ತಂಡ ಗೆಲ್ಲೋ ಹಂತದಲ್ಲಿರುವಾಗಲೇ ಒಳ್ಳೇ ಆಟಗಾರನನ್ನು ಎತ್ತಿಕೊಂಡು ಹೋಗಿಬಿಡ್ತಾರೆ, ಊರಿನ ಅಭಿಮಾನಿಗಳು ಸುಮ್ನೆ ಸಹಿಸಿಕೊಳ್ಳಬೇಕು.

2024ರ ಸೀಸನ್ ಶುರುವಾದಾಗ ಹಾಲಿಡೇಯನ್ನು ಮತ್ತೆ ನಾರ್ಫೋಕ್‌ಗೇ ಕಳಿಸಿದರು. ಬಾಲ್ಟಿಮೋರ್ ಅಭಿಮಾನಿಗಳು ಕಿಡಿಕಾರಿದರು. ಎಡಗೈ ಪಿಚರ್‌ಗಳ ಎದುರು ಇನ್ನಷ್ಟು ಆಡಲಿ, ಸೆಕೆಂಡ್ ಬೇಸ್ ಹತ್ತಿರ ಫೀಲ್ಡಿಂಗ್ ಮಾಡೋದು ಕಲಿಯಲಿ ಅಂತ ತಂಡ ಹೇಳಿತು. ಅವನು ಮೂಲತಃ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲೋ ಫೀಲ್ಡರ್), ಆ ಜಾಗದಲ್ಲಿ ಆಗಲೇ ಗನ್ನರ್ ಹೆಂಡರ್ಸನ್ ಇದ್ದ.

ಏಪ್ರಿಲ್ 10ರಂದು ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ದೊಡ್ಡ ತಂಡದ ಪರ ಮೊದಲ ಪಂದ್ಯ, ಹಿಟ್ ಇಲ್ಲ. ಮುಂದಿನ ಪಂದ್ಯಗಳೂ ಹೆಚ್ಚು ಕಡಿಮೆ ಹಾಗೇ. 10 ಪಂದ್ಯ ಮುಗಿಯುವ ಹೊತ್ತಿಗೆ 34 ಪ್ರಯತ್ನಕ್ಕೆ 2 ಹಿಟ್, 18 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟಾಗೋದು). ಆ ಕೊನೇ ಅಂಕಿಯೇ ನಿಜವಾದ ಸುದ್ದಿ. ಚೆನ್ನಾಗಿ ಹೊಡೆದ ಚೆಂಡು ನೇರವಾಗಿ ಫೀಲ್ಡರ್ ಕೈಗೆ ಹೋದರೆ ನಸೀಬು ಸರಿಯಿಲ್ಲ ಅನ್ನಬಹುದು. ಅರ್ಧಕ್ಕಿಂತ ಜಾಸ್ತಿ ಸಲ ಚೆಂಡು ಆಟಕ್ಕೇ ಬರದೆ ಔಟಾದರೆ ನಸೀಬಿನ ಮೇಲೆ ಹಾಕೋಕಾಗಲ್ಲ. ತಿಂಗಳ ಕೊನೆಯಲ್ಲಿ ವಾಪಸ್ ನಾರ್ಫೋಕ್‌ಗೆ.

ಇದಕ್ಕೆ ಆಪ್ಷನ್ ಅಂತಾರೆ. ಹುಡುಗ ತಂಡದ 40 ಜನರ ಪಟ್ಟಿ ಸೇರಿದ ಮೇಲೆ ಸಾಮಾನ್ಯವಾಗಿ ಮೂರು ಸೀಸನ್ ಹೀಗೆ ಮೇಲೆ ಕೆಳಗೆ ಓಡಾಡಿಸಬಹುದು, ಬೇರೆ ತಂಡಗಳು ಮಧ್ಯೆ ಕೈ ಹಾಕೋಕಾಗಲ್ಲ. ಪಂದ್ಯ ಆಡೋ ಪಟ್ಟಿಯಲ್ಲಿ ಇರೋದು 26 ಜನ. ಹಾಗಾಗಿ ಕೆಳಗೆ ಕಳಿಸೋದು ಶಿಕ್ಷೆಯಂತೆ ಕಂಡರೂ ಬಹಳ ಸಲ ಅದು ದಿನಾ ಆಡೋ ಅವಕಾಶ. ಮೇಲೆ ಬೆಂಚ್‌ನಲ್ಲಿ ಕೂತರೆ 20 ವರ್ಷದವನು ಏನು ಕಲೀತಾನೆ?

ಹಾಗಂತ ತಂಡಗಳು ಹೇಳೋದನ್ನೆಲ್ಲ ಪೂರ್ತಿ ನಂಬಬೇಡಿ. ಇದರಲ್ಲಿ ದುಡ್ಡಿನ ಲೆಕ್ಕಾಚಾರವೂ ಇದೆ. ದೊಡ್ಡ ಲೀಗ್‌ನಲ್ಲಿ 172 ದಿನ ಇದ್ದರೆ ಒಂದು ವರ್ಷದ ಸೇವೆ, ಅಂಥ ಆರು ವರ್ಷ ಆದ ಮೇಲೆ ಆಟಗಾರ ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ಹುಡುಗನನ್ನು ಕೆಲವು ವಾರ ತಡವಾಗಿ ಕರೆದರೆ ಒಂದು ವರ್ಷ ಜಾಸ್ತಿ ಅವನು ತಮ್ಮ ಕೈಯಲ್ಲೇ ಇರ್ತಾನೆ. ಸಂಬಳದ ವ್ಯತ್ಯಾಸವೂ ದೊಡ್ಡದೇ. ಮೇಲೆ 2024ರಲ್ಲಿ ಕನಿಷ್ಠ 7.4 ಲಕ್ಷ ಡಾಲರ್, ಟ್ರಿಪಲ್-ಎಯಲ್ಲಿ 2023ರ ಒಪ್ಪಂದದ ಪ್ರಕಾರ ಕನಿಷ್ಠ 35,800. ಆ ಒಪ್ಪಂದಕ್ಕೂ ಮೊದಲು ಅದರ ಅರ್ಧದಷ್ಟೂ ಇರಲಿಲ್ಲ. ಹಾಲಿಡೇಗೆ ಮೊದಲೇ ಬಂದ ದುಡ್ಡಿತ್ತು ಬಿಡಿ, ಅವನ ಪಕ್ಕದಲ್ಲಿ ಆಡೋ ಹೆಚ್ಚಿನವರಿಗೆ ಇರಲ್ಲ.

ಜುಲೈ 31ರಂದು ಮತ್ತೆ ಕರೆದರು. ಟೊರೊಂಟೊ ಎದುರು, ಮೂರೂ ಬೇಸ್‌ನಲ್ಲಿ ಜನ ಇದ್ದಾಗ ಮೊದಲ ಹೋಮ್ ರನ್ (ನಮ್ಮ ಸಿಕ್ಸರ್ ಥರ ಬೇಲಿಯಾಚೆ ಹೋಗೋ ಹೊಡೆತ) ಹೊಡೆದ, ಗ್ರ್ಯಾಂಡ್ ಸ್ಲ್ಯಾಮ್. ಚೆಂಡು 439 ಅಡಿ ಹೋಗಿ ಮೈದಾನದಾಚೆ ಯೂಟಾ ಸ್ಟ್ರೀಟ್‌ನಲ್ಲಿ ಬಿತ್ತು. ಹಾಗೆ ಬಿದ್ದ ಹೋಮ್ ರನ್‌ಗಳಿಗೆ ಆ ಬೀದಿಯ ನೆಲದಲ್ಲೇ ಹಿತ್ತಾಳೆ ಫಲಕ ಕೂರಿಸುತ್ತಾರೆ. ಇಷ್ಟಾಗಿಯೂ ಆ ವರ್ಷದ ಸರಾಸರಿ .189 ಅಷ್ಟೇ. 2025ರಲ್ಲಿ ತಂಡದ ಕಾಯಂ ಆಟಗಾರನಾಗಿ 17 ಹೋಮ್ ರನ್ ಹೊಡೆದ. ಅದೂ ಭರ್ಜರಿ ಸೀಸನ್ ಅಲ್ಲ, ಪರವಾಗಿಲ್ಲ ಅನ್ನೋ ಥರದ್ದು.

ಎಲ್ಲರಿಗೂ ಇಷ್ಟೇ ಸಮಯ ಬೇಕು ಅಂತಲ್ಲ. ಕಾಲೇಜಲ್ಲಿ ಆಡಿ ಬಂದ ಪಿಚರ್ ಪಾಲ್ ಸ್ಕೀನ್ಸ್ 2023ರ ಜುಲೈನಲ್ಲಿ ಮೊದಲಿಗನಾಗಿ ಆಯ್ಕೆಯಾದ, 2024ರ ಮೇನಲ್ಲಿ ಪಿಟ್ಸ್‌ಬರ್ಗ್‌ಗೆ ಆಡುತ್ತಿದ್ದ. ಅದೇ ಪಿಟ್ಸ್‌ಬರ್ಗ್ 2008ರಲ್ಲಿ ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಎಸೆತಗಾರರಿಗೆ ಸಹಿ ಹಾಕಿಸಿತ್ತು, ರಿಂಕು ಸಿಂಗ್ (ಕೆಕೆಆರ್ ರಿಂಕು ಅಲ್ಲ) ಮತ್ತು ದಿನೇಶ್ ಪಟೇಲ್. ಅದಕ್ಕೂ ಸ್ವಲ್ಪ ಮೊದಲಿನವರೆಗೆ ಅವರು ಬೇಸ್‌ಬಾಲ್ ಕೈಯಲ್ಲೇ ಹಿಡಿದಿರಲಿಲ್ಲ. ರಿಂಕು ಲೋ-ಎವರೆಗೆ ಹತ್ತಿದ, ಆಮೇಲೆ ಗಾಯಗಳಲ್ಲೇ ಸಿಕ್ಕಿಬಿದ್ದ. ನನ್ನ ಪ್ರಕಾರ ಅಷ್ಟು ಹತ್ತಿದ್ದೇ ದೊಡ್ಡ ಸಾಧನೆ.

ಮುಂದಿನ ಸಲ ಯಾವುದಾದರೂ ಪ್ರಾಸ್ಪೆಕ್ಟ್ (ಭರವಸೆಯ ಹೊಸ ಆಟಗಾರ) ಬಗ್ಗೆ ಅಬ್ಬರದ ಸುದ್ದಿ ಓದಿದರೆ ಸರಾಸರಿಯನ್ನು ಬದಿಗಿಟ್ಟು ಮೊದಲು ಮೂರು ವಿಷಯ ನೋಡಿ: ಯಾವ ಮೆಟ್ಟಿಲು, ಅಲ್ಲಿನ ಉಳಿದವರಿಗಿಂತ ಅವನು ಎಷ್ಟು ಚಿಕ್ಕವನು, ಸ್ಟ್ರೈಕ್‌ಔಟ್ ಎಷ್ಟು. 19ರ ಹುಡುಗ ಡಬಲ್-ಎಯಲ್ಲಿ .260 ಹೊಡೆದರೆ ಅದು 24ರವನು ಲೋ-ಎಯಲ್ಲಿ ಹೊಡೆದ .330ಗಿಂತ ಎಷ್ಟೋ ಮೇಲು.